ಒತ್ತಿನಿಂದ ಶುರು ಮಾಡಿ: ಕೈಯಲ್ಲಿ ಬರೆದ ಅಕ್ಷರ ಶೀರ್ಷಿಕೆ ಫಾಂಟ್ ಆಗುವ ದಾರಿ

ಎಂಟು ಅಡಿ ಅಗಲ, ಮೂರು ಅಡಿ ಎತ್ತರದ ಬೋರ್ಡು. ಮೇಲಿನ ಸಾಲಿನಲ್ಲಿ ಸಣ್ಣದಾಗಿ ‘ಖಾನಾವಳಿ’, ಕೆಳಗೆ ದೊಡ್ಡದಾಗಿ ‘ಅನ್ನಪೂರ್ಣೇಶ್ವರಿ’. ಕಾಗದದ ಮೇಲೆ ನಾನೇ ಬರೆದು, ಕಂಪ್ಯೂಟರಿಗೆ ಹಾಕಿ, ಫಾಂಟ್ ಮಾಡಿಕೊಂಡ ಅಕ್ಷರಗಳಿಂದ ಕಟ್ಟಿದ ಮೊದಲ ಬೋರ್ಡು ಅದು. ಫ್ಲೆಕ್ಸ್ ಪ್ರಿಂಟಾಗಿ, ಕಬ್ಬಿಣದ ಚೌಕಟ್ಟಿಗೆ ಬಿಗಿದು ಮೇಲೇರಿಸಿದ ಮೇಲೆ ರಸ್ತೆಯ ಆಚೆ ಬದಿಗೆ ಹೋಗಿ ನಿಂತು ನೋಡಿದೆ. ನ್ನ ಅಕ್ಷರದ ಒತ್ತು ಅರ್ಧ ಮುಚ್ಚಿಹೋಗಿತ್ತು. ಶ್ವ ಅಕ್ಷರದ ಒತ್ತು ಚೌಕಟ್ಟಿನ ಪಟ್ಟಿಯೊಳಗೆ ಪೂರ್ತಿ ಸೇರಿಕೊಂಡಿತ್ತು. ಬೀದಿಯಲ್ಲಿ ಹೋಗುವವರಿಗೆ ಕಾಣುತ್ತಿದ್ದದ್ದು ‘ಅನಪೂರ್ಣೇಶರಿ’. ಪ್ರಿಂಟಿನವರು ಫೈಲಿನ ಅಳತೆಗೆ ಸರಿಯಾಗಿಯೇ ಕತ್ತರಿಸಿದ್ದರು. ಕೆಳಗೆ ಜಾಗ ಬಿಡದೆ ಇದ್ದದ್ದು ನನ್ನ ತಪ್ಪು.

ಆವತ್ತಿನಿಂದ ಯಾವ ಹೊಸ ಅಕ್ಷರಮಾಲೆ ಬರೆಯಲು ಕೂತರೂ ನಾನು ‘ಅ’ದಿಂದ ಶುರು ಮಾಡುವುದಿಲ್ಲ, ‘ಕ’ದಿಂದಲೂ ಇಲ್ಲ. ಒತ್ತಕ್ಷರದಿಂದ ಶುರು ಮಾಡುತ್ತೇನೆ. ಕೈಬರಹದ ಕನ್ನಡ ಶೀರ್ಷಿಕೆ ಫಾಂಟ್ ಮಾಡಬೇಕೆನ್ನುವವರಿಗೂ, ಮಾಡಿದ್ದನ್ನು ಬೋರ್ಡು, ಪೋಸ್ಟರು, ಪುಸ್ತಕದ ಮುಖಪುಟಕ್ಕೆ ಬಳಸುವವರಿಗೂ ನಾನು ಮೊದಲು ಹೇಳುವುದು ಇದನ್ನೇ.

ನಮ್ಮದು ಗದಗ. ಅಪ್ಪ ಬೋರ್ಡು ಬರೆಯುತ್ತಿದ್ದರು. ಬಾದಾಮಿಯ ಬನಶಂಕರಿ ಜಾತ್ರೆಗೆ ಬರುವ ನಾಟಕ ಕಂಪನಿಗಳ ಬಟ್ಟೆ ಬ್ಯಾನರುಗಳನ್ನೂ ಬರೆದಿದ್ದಾರೆ. ಬಟ್ಟೆಯನ್ನು ಗೋಡೆಗೆ ಮೊಳೆ ಹೊಡೆದು ಎಳೆದು ಕಟ್ಟಿ, ನೀಲಿಪುಡಿಯಲ್ಲಿ ಅದ್ದಿದ ದಾರವನ್ನು ಈ ತುದಿಯಿಂದ ಆ ತುದಿಗೆ ಬಿಗಿಹಿಡಿದು ಪಟ್ ಅಂತ ಮೀಟುತ್ತಿದ್ದರು. ಒಂದು ತುದಿ ಹಿಡಿಯುವ ಕೆಲಸ ನನ್ನದು. ಎಲ್ಲರೂ ಎರಡು ಗೆರೆ ಹಾಕಿಕೊಳ್ಳುವಲ್ಲಿ ಅಪ್ಪ ಮೂರು ಹಾಕುತ್ತಿದ್ದರು. ಅಕ್ಷರದ ತಲೆಗೆ ಒಂದು, ಬುಡಕ್ಕೆ ಒಂದು, ಒತ್ತು ಎಲ್ಲಿಯವರೆಗೆ ಇಳಿಯಬಹುದು ಅನ್ನುವುದಕ್ಕೆ ಮೂರನೆಯದು. ಕೈಯಲ್ಲಿ ಬರೆಯುವಾಗ ನನಗೆ ರೂಢಿಯಾಗಿದ್ದ ಆ ಮೂರನೇ ಗೆರೆಯನ್ನು ಕಂಪ್ಯೂಟರಿನ ಮುಂದೆ ಕೂತಾಗ ಮರೆತಿದ್ದೆ.

ಶೀರ್ಷಿಕೆ ಫಾಂಟ್ ಅಂದರೆ ದೊಡ್ಡದಾಗಿ, ನಾಲ್ಕಾರು ಪದಗಳಿಗೆ ಮಾತ್ರ ಬಳಸುವ ಅಕ್ಷರ. ಪುಟಗಟ್ಟಲೆ ಓದಿಸುವ ಅಕ್ಷರ ಕಣ್ಣಿಗೆ ಕಾಣದಷ್ಟು ಸಹಜವಾಗಿರಬೇಕು. ಶೀರ್ಷಿಕೆಯ ಅಕ್ಷರಕ್ಕೆ ಮಾತ್ರ ತನ್ನದೇ ಮುಖ ಇರಬೇಕು. ಗೂಗಲ್ ಫಾಂಟ್ಸ್‌ನಲ್ಲಿ ಉಚಿತವಾಗಿ ಸಿಗುವ ಎರಡನ್ನು ಪಕ್ಕಪಕ್ಕ ಇಟ್ಟು ನೋಡಿ. ಒಂದು, ಏಕ್ ಟೈಪ್ ಬಳಗದ ‘ಬಲೂ ತಮ್ಮ 2’. ದಪ್ಪ ಮೈ, ದುಂಡು ತುದಿ, ಮಗುವಿನ ಕೆನ್ನೆಯ ಹಾಗೆ ತುಂಬಿಕೊಂಡ ಅಕ್ಷರ. ಇನ್ನೊಂದು, ವೈಷ್ಣವಿ ಮೂರ್ತಿ ಮತ್ತು ಹುವಾನ್ ಲೂಯಿಸ್ ಬ್ಲಾಂಕೊ ಮಾಡಿದ ‘ಅಕಾಯ ಕನಡಕ’. ಅದರಲ್ಲಿರುವುದು ಒಂದೇ ತೂಕ, ಅಂದರೆ ತೆಳು, ದಪ್ಪ ಅಂತ ಬೇರೆ ಬೇರೆ ರೂಪಗಳಿಲ್ಲ. ಎರಡೂ ಫಾಂಟುಗಳಲ್ಲಿ ‘ಜಾತ್ರೆ’ ಅಂತ ಬರೆದು ಗೋಡೆಗೆ ಅಂಟಿಸಿ ಹತ್ತು ಹೆಜ್ಜೆ ಹಿಂದೆ ಸರಿದು ನೋಡಿ. ಪದ ಒಂದೇ ಆದರೂ ದನಿ ಎರಡು. ನಿಮ್ಮ ಅಕ್ಷರಕ್ಕೆ ಯಾವ ದನಿ ಬೇಕು ಅನ್ನುವುದನ್ನು ಪೆನ್ಸಿಲ್ ಹಿಡಿಯುವ ಮೊದಲೇ ನಿರ್ಧರಿಸಿಕೊಳ್ಳಿ. ನಾನು ಆ ನಿರ್ಧಾರವನ್ನು ಒಂದೇ ಪದದಲ್ಲಿ ಹಾಳೆಯ ಮೂಲೆಯಲ್ಲಿ ಬರೆದಿಡುತ್ತೇನೆ. ಖಾನಾವಳಿಯ ಅಕ್ಷರಕ್ಕೆ ಬರೆದ ಪದ ‘ಬಿಸಿ’.

ಈಗ ಕೆಲಸಕ್ಕೆ ಬರೋಣ. ಗ್ರಾಫ್ ಹಾಳೆ ತೆಗೆದುಕೊಳ್ಳಿ. ಅಕ್ಷರದ ಮೈಗೆ 10 ಚೌಕ, ಅದರ ಮೇಲೆ ಗುಡಿಸಿನ ಬಾಗಿಗೆ 2, ಕೆಳಗೆ ಒತ್ತಿಗೆ 6. ಒತ್ತಿನ ಕೆಳಗೆ ಇನ್ನೊಂದು ಒತ್ತು ಬರುವ ‘ವಸ್ತ್ರ’, ‘ರಾಷ್ಟ್ರ’ದಂಥ ಪದಗಳಿಗೆ ಮತ್ತೆ 4. ಇದು ನನ್ನ ಅಳತೆ. ನಿಮ್ಮ ಅಕ್ಷರ ಕುಳ್ಳಗಿದ್ದರೆ ಬೇರೆ ಇಟ್ಟುಕೊಳ್ಳಿ, ಆದರೆ ಒತ್ತಿನ ಪಾಲನ್ನು ಅರ್ಧಕ್ಕಿಂತ ಇಳಿಸಬೇಡಿ. ಇಳಿಸಿದರೆ ಒತ್ತಿನೊಳಗಿನ ಖಾಲಿ ಜಾಗಗಳು ಮುಚ್ಚಿಕೊಂಡು, ದೂರದಿಂದ ಅದು ಮಸಿಯ ಚುಕ್ಕೆಯ ಹಾಗೆ ಕಾಣುತ್ತದೆ.

ಮೊದಲು ಬರೆಯಬೇಕಾದವು ಆರು ಒತ್ತುಗಳು: ತ, ನ, ಮ, ಯ, ರ, ಲ. ಉಳಿದ ವ್ಯಂಜನಗಳ ಒತ್ತು ಸುಲಭ. ಅಕ್ಷರದ ತಲೆಕಟ್ಟು ತೆಗೆದು ಚಿಕ್ಕದಾಗಿ ಕೆಳಗೆ ಬರೆದರೆ ಆಯಿತು; ಕ್ಕ, ದ್ದ, ಪ್ಪ ನೋಡಿ. ಈ ಆರಕ್ಕೆ ಮಾತ್ರ ತಮ್ಮದೇ ಆಕಾರ ಉಂಟು. ಕನ್ನಡದಲ್ಲಿ ಹೆಜ್ಜೆಹೆಜ್ಜೆಗೂ ಬರುವವೂ ಇವೇ: ಮತ್ತು, ನನ್ನ, ನಮ್ಮ, ಅಲ್ಲಿ. ಈ ಆರು ಒತ್ತುಗಳಲ್ಲಿ ನಿಮ್ಮ ಅಕ್ಷರದ ಸ್ವಭಾವ ಬಂದುಬಿಟ್ಟರೆ, ಮೇಲಿನ ಅಕ್ಷರಗಳನ್ನು ಅದಕ್ಕೆ ಹೊಂದಿಸುವುದು ಕಷ್ಟವಲ್ಲ. ಮೊದಲು ಚಂದದ ‘ನ’ ಬರೆದುಕೊಂಡು ಆಮೇಲೆ ಅದರ ಕಾಲಡಿಗೆ ನ ಒತ್ತನ್ನು ತುರುಕಲು ಹೋದರೆ, ಅದು ಬೇರೆ ಯಾರದೋ ಕೈಯಲ್ಲಿ ಬರೆದ ಹಾಗೆ ಕಾಣುತ್ತದೆ.

ಇದರಲ್ಲಿ ಸೂಕ್ಷ್ಮವಾದದ್ದು ಒಂದಿದೆ. ಒತ್ತು ಚಿಕ್ಕದು ಅಂತ ದೊಡ್ಡ ಅಕ್ಷರವನ್ನೇ ಕಂಪ್ಯೂಟರಿನಲ್ಲಿ ಕುಗ್ಗಿಸಿ ಇಡಬಾರದು. ಕುಗ್ಗಿಸಿದಾಗ ಗೆರೆಯ ದಪ್ಪವೂ ಕುಗ್ಗುತ್ತದೆ. ಮೇಲೆ ‘ಪ’ ದಪ್ಪ, ಕೆಳಗಿನ ಒತ್ತು ಸೊರಗಿದ್ದು ಆಗುತ್ತದೆ. ಹಾಗಂತ ಪೂರ್ತಿ ಅದೇ ದಪ್ಪ ಇಟ್ಟರೆ ಉಸಿರಾಡಲು ಜಾಗವಿಲ್ಲ. ಮೇಲಿನ ಗೆರೆ 10 ಮಿಲಿಮೀಟರ್ ಇದ್ದರೆ ಒತ್ತಿನ ಗೆರೆಯನ್ನು ನಾನು 8ಕ್ಕೆ ಇಡುತ್ತೇನೆ. ಕಣ್ಣಿಗೆ ಎರಡೂ ಒಂದೇ ಅನಿಸುತ್ತವೆ. ಅಪ್ಪ ಇದಕ್ಕೆ ಅಳತೆಪಟ್ಟಿ ಹಿಡಿದವರಲ್ಲ. ಒತ್ತು ಬಂದಾಗ ಬ್ರಷ್ಷನ್ನು ಸ್ವಲ್ಪ ಓರೆ ಮಾಡುತ್ತಿದ್ದರು, ಅಷ್ಟೇ.

ಒತ್ತು ಆದ ಮೇಲೆ ತಲೆಕಟ್ಟು. ಅಕ್ಷರದ ಮುಖದಲ್ಲಿ ಹುಬ್ಬು ಇದ್ದ ಹಾಗೆ ಅದು. ನೇರ ಎಳೆದರೆ ಗಂಭೀರವಾಗಿ ಕಾಣುತ್ತದೆ, ಬಲತುದಿಯನ್ನು ಮೇಲಕ್ಕೆ ಚಿಮ್ಮಿಸಿದರೆ ಉತ್ಸಾಹ ಬರುತ್ತದೆ, ಕೊನೆಯಲ್ಲಿ ಗುಂಡಗೆ ಮಾಡಿದರೆ ಮೃದುವಾಗುತ್ತದೆ. ಒಂದು ಎಚ್ಚರಿಕೆ: ಅದನ್ನು ತೀರಾ ಓರೆಯಾಗಿ, ಶಾಲೆಯಲ್ಲಿ ಉತ್ತರ ಸರಿಯಿದ್ದರೆ ಹಾಕುವ ರೈಟ್ ಗುರುತಿನ ಹಾಗೆ ಎಳೆದರೆ ಓದುವವರ ಕಣ್ಣಿಗೆ ಥಟ್ಟನೆ ತೆಲುಗು ಕಾಣುತ್ತದೆ. ಎರಡೂ ಲಿಪಿಗಳು ಅಕ್ಕತಂಗಿಯರು. ನೋಟದಲ್ಲಿ ಅವನ್ನು ಬೇರೆ ಮಾಡುವುದರಲ್ಲಿ ತಲೆಕಟ್ಟಿನ ಪಾಲು ದೊಡ್ಡದು. ಕನ್ನಡದ ತಲೆಕಟ್ಟು ಮೊದಲು ಸ್ವಲ್ಪ ದೂರ ಅಡ್ಡ ಹೋಗಬೇಕು, ಆಮೇಲೆ ಏಳಬೇಕು. ನನ್ನ ಹಾಳೆಯಲ್ಲಿ ನಾನು 14 ಬಗೆಯ ತಲೆಕಟ್ಟು ಬರೆದು, ಪ್ರತಿಯೊಂದನ್ನೂ ‘ಕ’ದ ಮೇಲೆ ಇಟ್ಟು ನೋಡಿದೆ. ‘ಬಿಸಿ’ ಅನ್ನುವ ಪದಕ್ಕೆ ಹೊಂದಿದ್ದು ಬಲತುದಿ ಸ್ವಲ್ಪ ಉಬ್ಬಿ ಮೇಲೆದ್ದ ತಲೆಕಟ್ಟು, ಒಲೆಯ ಮೇಲಿನ ರೊಟ್ಟಿಯ ಅಂಚು ಏಳುವ ಹಾಗೆ.

ಖ, ಜ, ಟ, ಣ, ಬ, ಲ, ಙ, ಞ ಇವಕ್ಕೆ ತಲೆಕಟ್ಟಿಲ್ಲ. ತಲೆಕಟ್ಟಿರುವ ಅಕ್ಷರಗಳ ನಡುವೆ ಇವು ಬೋಳಾಗಿ ಕಾಣದ ಹಾಗೆ, ತಲೆಕಟ್ಟಿನ ಉಬ್ಬನ್ನೇ ಇವುಗಳ ಬಲತುದಿಯ ಕೊಕ್ಕೆಯಲ್ಲಿ ತನ್ನಿ. ಕಿ, ಗಿ, ತಿ ಬರೆಯುವಾಗ ತಲೆಕಟ್ಟು ಹೋಗಿ ಅದರ ಜಾಗಕ್ಕೆ ಗುಡಿಸು ಬರುತ್ತದೆ. ಆದ್ದರಿಂದ ಗುಡಿಸನ್ನು ‘ಕ’ದ ಮೇಲೆ ಟೋಪಿಯ ಹಾಗೆ ಅಂಟಿಸಲು ಹೋಗದೆ, ಪ್ರತಿ ಅಕ್ಷರಕ್ಕೂ ಬೇರೆಯಾಗಿ ಬರೆಯಬೇಕು. ಹೀಗಾಗಿ 13 ಸ್ವರ, 34 ವ್ಯಂಜನ ಅಂತ ಲೆಕ್ಕ ಹಾಕಿ ಕೂತವರ ಕೆಲಸ 47 ಚಿತ್ರಕ್ಕೆ ಮುಗಿಯುವುದಿಲ್ಲ. 34 ಒತ್ತು, 34 ಗುಡಿಸು, ಅರ್ಧಾಕ್ಷರಗಳು, ಕೊಂಬು, ಏತ್ವ, ದೀರ್ಘ, ವಟ್ರುಸುಳಿ, ಅರ್ಕಾವೊತ್ತು, ಕನ್ನಡ, ಇಂಗ್ಲಿಷ್ ಎರಡೂ ಬಗೆಯ ಅಂಕಿಗಳು ಸೇರಿ ಇನ್ನೂರರ ಆಚೆಗೆ ಹೋಗುತ್ತದೆ. ಮೂರು ತಿಂಗಳ ಸಂಜೆಗಳನ್ನು ಇದಕ್ಕೆ ಮೀಸಲಿಡಿ.

ಓದುವವರನ್ನು ತಪ್ಪು ದಾರಿಗೆ ಎಳೆಯುವ ಜೋಡಿಗಳ ಕಡೆ ವಿಶೇಷ ಗಮನ ಕೊಡಿ. ‘ಮ’ ಮತ್ತು ‘ವು’ ಅದರಲ್ಲಿ ಮೊದಲನೆಯದು. ಪು, ಫು, ವು ಈ ಮೂರರಲ್ಲಿ ಕೊಂಬು ಬದಿಗೆ ಅಂಟದೆ ಬುಡದಿಂದ ಹೊರಟು ಮೇಲೇಳುವುದು ಸುಮ್ಮನೆ ಅಲ್ಲ. ಬದಿಗೆ ಅಂಟಿಸಿದರೆ ‘ವು’ ಹೋಗಿ ‘ಮ’ ಆಗುತ್ತದೆ. ‘ಹೂವು’ ಅಂತ ಬರೆದು ಮನೆಯ ಮಕ್ಕಳಿಂದ ಓದಿಸಿ, ಗೊತ್ತಾಗುತ್ತದೆ. ಎರಡನೆಯದು ಮಹಾಪ್ರಾಣದ ಸೀಳು. ದ ಮತ್ತು ಧ, ಡ ಮತ್ತು ಢ, ಪ ಮತ್ತು ಫ ಇವುಗಳ ನಡುವೆ ಇರುವ ವ್ಯತ್ಯಾಸ ಬುಡದಲ್ಲಿರುವ ಒಂದು ಚಿಕ್ಕ ಗೀರು. ದಪ್ಪ ಅಕ್ಷರ ಬರೆಯುವಾಗ ಮೊದಲು ಮುಚ್ಚಿಹೋಗುವುದು ಅದೇ. ‘ಧಾರವಾಡ ಫೇಡಾ’ ಅಂತ ಎರಡು ಸೆಂಟಿಮೀಟರ್ ಎತ್ತರದಲ್ಲಿ ಪ್ರಿಂಟ್ ತೆಗೆದು ತೋಳಿನ ದೂರದಲ್ಲಿ ಹಿಡಿಯಿರಿ. ಸೀಳು ಕಾಣದಿದ್ದರೆ ಅಗಲ ಮಾಡಿ, ಕೆಳಕ್ಕೆ ಸ್ವಲ್ಪ ಉದ್ದ ಬಿಡಿ. ಮೂರನೆಯದು ‘ಠ’ದ ಹೊಟ್ಟೆಯೊಳಗಿನ ಚುಕ್ಕೆ. ಅದಕ್ಕೂ ಸುತ್ತಲಿನ ಗೆರೆಗೂ ನಡುವೆ ಬೆಳಕು ಬರಬೇಕು.

ಬರೆಯುವ ಸಾಧನ ಯಾವುದು ಅಂತ ತುಂಬಾ ಜನ ಕೇಳುತ್ತಾರೆ. ಚಪ್ಪಟೆ ಬ್ರಷ್ ಹಿಡಿಯಲು ಬರುವವರು ಅದನ್ನೇ ಹಿಡಿಯಿರಿ, ಅದರ ಓಟದಲ್ಲಿ ಬರುವ ದಪ್ಪ ತೆಳು ಪೆನ್ಸಿಲಿನಲ್ಲಿ ಬರುವುದಿಲ್ಲ. ಬಾರದಿದ್ದರೆ ಎರಡು ಪೆನ್ಸಿಲುಗಳನ್ನು ರಬ್ಬರ್ ಬ್ಯಾಂಡಿನಿಂದ ಜೋಡಿಸಿ ಕಟ್ಟಿ ಬರೆಯಿರಿ. ಎರಡು ಮೊನೆ ಎಳೆದ ಎರಡು ಗೆರೆಗಳ ನಡುವಿನ ಜಾಗವೇ ನಿಮ್ಮ ಅಕ್ಷರದ ಮೈ. ನಾನು ಈಗಲೂ ಮೊದಲ ಕರಡನ್ನು ಹೀಗೇ ಬರೆಯುವುದು. ಒಂದು ಅಕ್ಷರವನ್ನು ಕನಿಷ್ಠ ಹತ್ತು ಸಲ ಬರೆದು, ಅದರಲ್ಲಿ ಕೈ ಸಲೀಸಾಗಿ ಓಡಿದ ಒಂದನ್ನು ಸುತ್ತು ಹಾಕಿ ಗುರುತಿಸಿ.

ಆ ಒಂದನ್ನು ತೀರಾ ತಿದ್ದಬೇಡಿ. ಕೈಯ ಗುರುತು ಉಳಿಯಬೇಕೆಂದೇ ಇಷ್ಟೆಲ್ಲ ಮಾಡುತ್ತಿರುವುದು. ಆದರೆ ಕೈಯ ಗುರುತು ಬೇರೆ, ಅಡ್ಡಾದಿಡ್ಡಿ ಬೇರೆ. ಗೆರೆಯ ಅಂಚು ಸ್ವಲ್ಪ ಅಲುಗಲಿ, ತುದಿಗಳು ಒಂದೊಂದು ಕಡೆ ಒಂದೊಂದು ರೀತಿ ನಿಲ್ಲಲಿ. ಅಕ್ಷರದ ತೂಕ, ಬುಡದ ಗೆರೆ, ತಲೆಕಟ್ಟಿನ ಕೋನ ಈ ಮೂರು ಮಾತ್ರ ಎಲ್ಲ ಅಕ್ಷರಗಳಲ್ಲೂ ಒಂದೇ ಇರಬೇಕು. ಇನ್ನೊಂದು ಮಾತು: ನಮ್ಮ ಅಕ್ಷರಗಳ ಬುಡ ದುಂಡು. ದುಂಡು ಬುಡವನ್ನು ಗೆರೆಗೆ ಸರಿಯಾಗಿ ಮುಟ್ಟಿಸಿ ನಿಲ್ಲಿಸಿದರೆ ಅಕ್ಷರ ಮೇಲೆ ತೇಲಿದ ಹಾಗೆ ಕಾಣುತ್ತದೆ. ಕೂದಲೆಳೆಯಷ್ಟು ಗೆರೆ ದಾಟಿಸಿ.

ಕಂಪ್ಯೂಟರಿನ ಕೆಲಸವನ್ನು ಚಿಕ್ಕದಾಗಿ ಹೇಳುತ್ತೇನೆ. ಹಾಳೆಯನ್ನು 600 ಡಿಪಿಐಯಲ್ಲಿ (ಇಂಚಿಗೆ 600 ಚುಕ್ಕೆ) ಸ್ಕ್ಯಾನ್ ಮಾಡಿ, ಚಿತ್ರ ಬರೆಯುವ ತಂತ್ರಾಂಶವಾದ ಇಂಕ್‌ಸ್ಕೇಪಿನಲ್ಲಿ ಹಿನ್ನೆಲೆಗೆ ಇಟ್ಟು, ಮೇಲೆ ಕೈಯಿಂದಲೇ ಗೆರೆ ಎಳೆಯಿರಿ. ತಾನಾಗಿ ಗೆರೆ ಹಿಡಿಯುವ ಸೌಲಭ್ಯ ಬಳಸಿದರೆ ನೂರಾರು ಬಿಂದುಗಳು ಬಿದ್ದು ಆಮೇಲೆ ತಿದ್ದಲು ಆಗುವುದಿಲ್ಲ. ಅಲ್ಲಿಂದ ಫಾಂಟ್‌ಫೋರ್ಜಿಗೆ ಹೋಗಿ. ಫಾಂಟ್ ಕಟ್ಟುವ ತಂತ್ರಾಂಶ ಅದು, ಉಚಿತ. ಒತ್ತು ತನ್ನ ಜಾಗಕ್ಕೆ ಬಂದು ಕೂರುವುದು ಫಾಂಟಿನೊಳಗೆ ಬರೆದಿಡುವ ಓಪನ್‌ಟೈಪ್ ನಿಯಮಗಳಿಂದ. ಪ್ರತಿ ಅಕ್ಷರಕ್ಕೂ ಒಂದು ಸಂಕೇತ ಕೊಡುವ ಯುನಿಕೋಡಿನಲ್ಲಿ ‘ನ್ನ’ ಅನ್ನುವುದು ನ, ಅರ್ಧಾಕ್ಷರದ ಗುರುತು, ಮತ್ತೆ ನ ಹೀಗೆ ಮೂರು ಸಂಕೇತ. ಗುರುತು ಮತ್ತು ಎರಡನೆಯ ನ ಸೇರಿದಾಗ ಒತ್ತಿನ ಚಿತ್ರ ತರಬೇಕೆಂದು ನೀವು ಬರೆದಿಡಬೇಕು. ‘ರ್ಣ’ದಲ್ಲಿ ಮೊದಲು ಬರೆದ ರ ಕೊನೆಗೆ ಹೋಗಿ ಅರ್ಕಾವೊತ್ತಾಗಬೇಕೆಂಬುದೂ ಒಂದು ನಿಯಮ. ಇದನ್ನು ಕಲಿಯಲು ಸುಲಭದ ದಾರಿ, ಯಾರು ಬೇಕಾದರೂ ತೆರೆದು ತಿದ್ದಬಹುದೆನ್ನುವ ಓಪನ್ ಫಾಂಟ್ ಲೈಸೆನ್ಸಿನಲ್ಲಿ ಬಿಡುಗಡೆಯಾದ ಯಾವುದಾದರೂ ಕನ್ನಡ ಫಾಂಟನ್ನು ತೆರೆದು ನಿಯಮಗಳನ್ನು ಒಂದೊಂದಾಗಿ ಓದುವುದು. ನಾನು ಕಲಿತದ್ದು ಹಾಗೆಯೇ.

ಪರೀಕ್ಷೆಗೆ ವರ್ಣಮಾಲೆ ಸಾಲದು, ಪದಗಳು ಬೇಕು. ನನ್ನ ಗೋಡೆಯ ಮೇಲೆ ಇರುವ ಪಟ್ಟಿ ಇದು: ಅನ್ನಪೂರ್ಣೇಶ್ವರಿ, ವಸ್ತ್ರಾಲಯ, ಜ್ಯೋತ್ಸ್ನಾ, ಮೆಣಸಿನಕಾಯಿ, ಲಕ್ಷ್ಮೇಶ್ವರ, ಹುಬ್ಬಳ್ಳಿ, ಶ್ರೀಕೃಷ್ಣ, ರೊಟ್ಟಿ, ಜೋಳ, ಹೂವು. ಇವಿಷ್ಟು ಸರಿಬಂದರೆ ಮುಕ್ಕಾಲು ಕೆಲಸ ಆದಂತೆ. ‘ಹುಬ್ಬಳ್ಳಿ’ಯಲ್ಲಿ ಪಕ್ಕಪಕ್ಕದ ಎರಡು ಒತ್ತುಗಳು ಒಂದಕ್ಕೊಂದು ಢಿಕ್ಕಿ ಹೊಡೆಯುತ್ತವೆಯೇ ನೋಡಿ. ಹೊಡೆದರೆ ಒತ್ತನ್ನು ಕಿರಿದು ಮಾಡಬೇಡಿ, ಮೇಲಿನ ಅಕ್ಷರಗಳ ನಡುವೆ ಅಂತರ ಹೆಚ್ಚಿಸಿ. ಅಂತರವನ್ನು ಮೇಲಿನ ಸಾಲು ಮಾತ್ರ ನೋಡಿ ಇಟ್ಟರೆ ಕನ್ನಡದಲ್ಲಿ ಕೆಡುತ್ತದೆ. ಕೆಳಗಿನ ಸಾಲನ್ನೂ ನೋಡಬೇಕು.

ಬಳಕೆಯ ವಿಷಯಕ್ಕೆ ಬಂದರೆ, ಇಂಥ ಅಕ್ಷರ ಚೆನ್ನಾಗಿ ಕಾಣುವುದು ಅಂಗಡಿಯ ಹೆಸರು, ನಾಟಕದ ಪೋಸ್ಟರು, ಪುಸ್ತಕದ ಮುಖಪುಟ, ಉಪ್ಪಿನಕಾಯಿ ಬಾಟಲಿಯ ಚೀಟಿ, ಶಾಲೆಯ ಗೋಡೆ, ವಿಡಿಯೊದ ಮೊದಲ ಚಿತ್ರ ಇಂಥಲ್ಲಿ. ಐದಾರು ಪದ ದಾಟಬಾರದು. ಮದುವೆಯ ಆಮಂತ್ರಣದಲ್ಲಿ ವಧೂವರರ ಹೆಸರಿಗೆ ಬಳಸಿ, ಮುಹೂರ್ತ ಮತ್ತು ವಿಳಾಸಕ್ಕೆ ಬೇಡ. ಆ ಭಾಗಕ್ಕೆ ನೋಟೊ ಸೆರಿಫ್ ಕನ್ನಡ ಅಥವಾ ತಿರೊ ಕನ್ನಡದಂಥ ಓದುವ ಅಕ್ಷರ ಇಡಿ. ಮುಖವಿರುವ ಎರಡು ಫಾಂಟುಗಳನ್ನು ಒಂದೇ ಹಾಳೆಯಲ್ಲಿ ಹಾಕಿದರೆ ಇಬ್ಬರು ಒಟ್ಟಿಗೆ ಮಾತಾಡಿದಂತಾಗುತ್ತದೆ. ಔಷಧಿಯ ಸೂಚನೆ, ಆಸ್ಪತ್ರೆಯ ದಾರಿ ತೋರಿಸುವ ಫಲಕ, ಬಸ್ಸಿನ ಮಾರ್ಗದ ಬೋರ್ಡು ಇಂಥವಕ್ಕೆ ನನ್ನ ಅಕ್ಷರ ಕೇಳಿದರೆ ನಾನು ಕೊಡುವುದಿಲ್ಲ. ಅಲ್ಲಿ ಓದುವವರಿಗೆ ಒಂದು ಕ್ಷಣವೂ ತಡವಾಗಬಾರದು.

ಎರಡು ಸಾಲು ಬರೆಯುವಾಗ ಸಾಲಿನ ಅಂತರವನ್ನು ಕಂಪ್ಯೂಟರಿಗೆ ಬಿಡಬೇಡಿ. ಮೇಲಿನ ಸಾಲಿನ ಒತ್ತು, ಕೆಳಗಿನ ಸಾಲಿನ ಗುಡಿಸು ಇವೆರಡೂ ಎಲ್ಲಿ ಎದುರುಬದುರಾಗುತ್ತವೆ ಅಂತ ನೋಡಿ. ಕೆಲವೊಮ್ಮೆ ಪದವನ್ನು ಒಂದಿಷ್ಟು ಬಲಕ್ಕೆ ಸರಿಸಿದರೆ ಮೇಲಿನ ಒತ್ತು ಕೆಳಗಿನ ಖಾಲಿ ಜಾಗಕ್ಕೆ ಇಳಿದು ಎರಡು ಸಾಲೂ ಒಂದೇ ಚಿತ್ರವಾಗುತ್ತವೆ. ಕೈಬರಹದ ಬೋರ್ಡುಗಳಲ್ಲಿ ನನಗೆ ತುಂಬ ಇಷ್ಟವಾದದ್ದು ಈ ಹೊಂದಾಣಿಕೆ. ಅಕ್ಷರದ ಸುತ್ತ ಹೊರಗೆರೆ ಹಾಕುವುದಾದರೆ ಹೊರಮುಖವಾಗಿ ಹಾಕಿ, ಒಳಮುಖವಾಗಿ ಹಾಕಿದರೆ ಒತ್ತು ಸವೆಯುತ್ತದೆ. ನೆರಳು ಬೇಕಿದ್ದರೆ ಬದಿಗೆ ಬೀಳಿಸಿ. ನೇರ ಕೆಳಗೆ ಬಿದ್ದ ನೆರಳು ಒತ್ತಿನ ಮೇಲೆ ಕೂರುತ್ತದೆ.

ಕಡೆಯದಾಗಿ ಪ್ರಿಂಟಿನವರ ಮೇಜು. ಎಷ್ಟೋ ಕಡೆ ಈಗಲೂ ‘ನುಡಿ’, ‘ಬರಹ’ ಎಂಬ ಕನ್ನಡ ಟೈಪಿಂಗ್ ತಂತ್ರಾಂಶಗಳ, ಯುನಿಕೋಡ್ ಅಲ್ಲದ ಹಳೆಯ ಫಾಂಟುಗಳಲ್ಲೇ ಕೆಲಸ ನಡೆಯುತ್ತದೆ. ಯುನಿಕೋಡ್ ಅಕ್ಷರ ಅಲ್ಲಿಗೆ ಹೋದರೆ ಒತ್ತು ಕಳಚಿಕೊಂಡು ‘ಅನ್‌ನ’ ಆಗುವ ಸಂಭವ ಉಂಟು. ಫೋಟೋಶಾಪಿನಲ್ಲಿ ‘ವರ್ಲ್ಡ್ ರೆಡಿ ಲೇಔಟ್’, ಇನ್‌ಡಿಸೈನಿನಲ್ಲಿ ‘ವರ್ಲ್ಡ್ ರೆಡಿ ಪ್ಯಾರಾಗ್ರಾಫ್ ಕಂಪೋಸರ್’ ಆರಿಸಿಕೊಂಡರೆ ನಿಮ್ಮ ಕಂಪ್ಯೂಟರಿನಲ್ಲಿ ಸರಿಬರುತ್ತದೆ. ಹೊರಗೆ ಕಳಿಸುವಾಗ ಮಾತ್ರ ಅಕ್ಷರಗಳನ್ನು ಗೆರೆಗಳಾಗಿ (ಔಟ್‌ಲೈನ್) ಬದಲಿಸಿ ಪಿಡಿಎಫ್ ಮಾಡಿ ಕಳಿಸಿ. ಬದಲಿಸಿದ ಮೇಲೆ ಕಾಗುಣಿತ ತಿದ್ದಲು ಆಗದು, ಅದಕ್ಕೇ ಮೊದಲೇ ಇನ್ನೊಬ್ಬರಿಂದ ಗಟ್ಟಿಯಾಗಿ ಓದಿಸಿ. ಫೈಲಿನಲ್ಲಿ ಒತ್ತಿನ ಕೆಳಗೆ, ಚೌಕಟ್ಟು ತಿನ್ನುವ ಜಾಗ ಬಿಟ್ಟು, ಒಂದು ತೆಳು ಗೆರೆ ಎಳೆದು ‘ಇಲ್ಲಿಂದ ಮೇಲೆ ಕತ್ತರಿಸಬೇಡಿ’ ಅಂತ ಬರೆಯಿರಿ.

ಖಾನಾವಳಿಯ ಬೋರ್ಡನ್ನು ಮುಂದಿನ ವಾರವೇ ನನ್ನ ಖರ್ಚಿನಲ್ಲಿ ಬೇರೆ ಮಾಡಿಸಿಕೊಟ್ಟೆ. ಒಟ್ಟು 36 ಇಂಚು ಎತ್ತರ. ಮೇಲೆ 4 ಇಂಚು ಖಾಲಿ, ಗುಡಿಸಿಗೆ 2, ಮೈಗೆ 10, ಒತ್ತಿಗೆ 6, ನಡುವೆ 3, ಕೆಳಗಿನ ಸಾಲಿಗೆ 6, ಬುಡದಲ್ಲಿ 5 ಇಂಚು ಖಾಲಿ. ಈ ಸಲ ಹೆಸರನ್ನು ಮೇಲಕ್ಕೆ ತಂದು ‘ಖಾನಾವಳಿ’ಯನ್ನು ಕೆಳಗಿಟ್ಟೆ. ಆ ಪದದಲ್ಲಿ ಒಂದೂ ಒತ್ತಿಲ್ಲ.